ಇನ್ನೊಂದು ವರ್ಷದ ಗೊಬ್ಬರ

ತೆಂಗು ನೆಟ್ಟು ಏಳೆಂಟು ವರ್ಷವಾದರೂ ಹೊಂಬಾಳೆ ಬಾರದಿದ್ದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತ ಒಡನೆಯೇ ಕೊಡಲಿ ಎತ್ತುವುದಿಲ್ಲ. ಬುಡದ ಸುತ್ತ ಪಾತಿ ಮಾಡಿ, ಕೊಟ್ಟಿಗೆ ಗೊಬ್ಬರ ತುಂಬಿ, ನೀರು ಬಿಟ್ಟು ನೋಡುತ್ತಾನೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯೇಸು ಹೇಳಿದ ಸಾಮತಿಯೊಂದರಲ್ಲಿ ತೋಟಗಾರ ಮಾಡಲು ಹೊರಡುವುದೂ ಇದನ್ನೇ.

ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಈ ಕಥೆಯಿದೆ. ದ್ರಾಕ್ಷಿತೋಟದಲ್ಲೊಂದು ಅಂಜೂರದ ಗಿಡ. ಮೂರು ವರ್ಷ ಹಣ್ಣು ಹುಡುಕಿ ಬೇಸತ್ತ ಒಡೆಯ ಕಡಿದುಹಾಕಲು ಹೇಳುತ್ತಾನೆ. ಈ ವರ್ಷವೊಂದು ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಫಲ ಬಾರದಿದ್ದರೆ ಕಡಿಸಿ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ದೇವರ ತಾಳ್ಮೆಯ ಕೈಯಲ್ಲಿ ಗುದ್ದಲಿಯಿದೆ. ಅದಕ್ಕೊಂದು ಗಡುವೂ ಇದೆ.

ಇದಕ್ಕೆ ಮುಂಚಿನ ಮಾತನ್ನು ಹಲವರು ಗಮನಿಸುವುದಿಲ್ಲ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇ? ಖಂಡಿತ ಅಲ್ಲ ಎಂದ ಯೇಸು. ಬದುಕಿರುವವರು ಮನಸ್ಸು ತಿರುಗಿಸಿಕೊಳ್ಳಲಿ ಎಂದ. ಪಶ್ಚಾತ್ತಾಪಕ್ಕೆ ಗ್ರೀಕ್ ಮೂಲದಲ್ಲಿರುವ 'ಮೆತನೋಯ' ಎಂಬ ಪದಕ್ಕೆ ಮನಸ್ಸು ಬದಲಾಗುವುದು ಎಂದೇ ಅರ್ಥ. ಬರೀ ಕಣ್ಣೀರು ಸಾಲದು.

ಅದಕ್ಕೆಂದೇ ಇರುವುದು ತಪಸ್ಸುಕಾಲ. ವಿಭೂತಿ ಬುಧವಾರದಿಂದ ಪಾಸ್ಖ ಭಾನುವಾರದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ಆರು ಭಾನುವಾರ ಕಳೆದರೆ 40. ಹಣೆಗಿಡುವ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟದ್ದು. ಕಥೋಲಿಕ ನಿಯಮದಂತೆ ಉಪವಾಸದ ಕಡ್ಡಾಯ 18 ವರ್ಷ ತುಂಬಿದವರಿಗೆ ಮಾತ್ರ. ಪರೀಕ್ಷೆಗೆ ಓದುವ ಮಕ್ಕಳನ್ನು ಹಸಿವಿನಲ್ಲಿ ಕೂರಿಸಬೇಕೆಂದು ಯಾರೂ ಹೇಳಿಲ್ಲ!

ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ದೇವಾಲಯವಿದೆ. 2019ರಲ್ಲಿ ಅದು ಬಸಿಲಿಕ ಎನಿಸಿತು. ಎಚ್.ಡಿ. ಕೋಟೆ ಕಡೆಯಿಂದಲೂ ಭಕ್ತರು ಅಲ್ಲಿಗೆ ಹೋಗುತ್ತಾರೆ, ಹಿಂದೂಗಳೂ ಸಹ. ಅಲ್ಲಿನ ಐತಿಹ್ಯವೂ ಎರಡನೆಯ ಅವಕಾಶದ ಕಥೆಯೇ. ಉಳುವಾಗ ಸಿಕ್ಕ ಮರದ ವಿಗ್ರಹವನ್ನು ರೈತನೊಬ್ಬ ಗೊಂಬೆಯೆಂದು ಮಕ್ಕಳ ಕೈಗೆ ಕೊಟ್ಟನಂತೆ. ಕನಸಿನಲ್ಲಿ ಸನ್ಯಾಸಿಯೊಬ್ಬ ಬಂದು ಗುಡಿ ಕಟ್ಟೆಂದರೂ ಲಕ್ಷ್ಯ ಕೊಡಲಿಲ್ಲ. ಸನ್ಯಾಸಿ ಮತ್ತೆ ಬಂದ. ಆಗ ಮಣ್ಣಿನ ಪುಟ್ಟ ಗುಡಿ ಎದ್ದಿತು.

ಅಂಜೂರದ ಗಿಡ ಏನಾಯಿತು? ಲೂಕ ಬರೆದಿಲ್ಲ. ಮೂರು ವರ್ಷಗಳ ಪಾಠಕ್ರಮದಲ್ಲಿ ಈ ಸಾಮತಿಯ ಸರದಿ 2025ರ ಮಾರ್ಚ್ 23ರಂದು, ತಪಸ್ಸುಕಾಲದ ಮೂರನೆಯ ಭಾನುವಾರ ಬಂದಿತ್ತು. ಮುಂದಿನ ಸರದಿ 2028ಕ್ಕೆ.