ರ್‍ಯಾಮ್ ಹೆಚ್ಚಿಸಿದ ಮೇಲೆ ಸ್ವಾಪ್ ಎಷ್ಟಿರಬೇಕು?

ಮೊಳಕಾಲ್ಮೂರಿನಲ್ಲಿ ನನ್ನ ಮಾಮು ರೇಷ್ಮೆ ಸೀರೆ ವ್ಯಾಪಾರ ಮಾಡುತ್ತಾರೆ. ಯಾವ ನೇಕಾರರಿಗೆ ಎಷ್ಟು ನೂಲು ಕೊಟ್ಟಿದ್ದು, ಎಷ್ಟು ಮಜೂರಿ ಬಾಕಿ ಎಂಬ ಲೆಕ್ಕವೆಲ್ಲ ಉಬುಂಟು ಹಾಕಿದ ಹಳೆಯ ಕಂಪ್ಯೂಟರಿನಲ್ಲಿದೆ. ದಸರಾ ರಜೆಯಲ್ಲಿ ಚಳ್ಳಕೆರೆಯಿಂದ ಹೋಗಿದ್ದಾಗ 4 ಜಿಬಿ ಇದ್ದ ರ್‍ಯಾಮನ್ನು 8 ಜಿಬಿ ಮಾಡಿಕೊಟ್ಟು ಬಂದೆ. ಹದಿನೈದು ದಿನಕ್ಕೆ ಫೋನ್ ಬಂತು. ‘ಏನು ಮಾಡಿ ಹೋದೆ ಬೇಟಾ? ಬೆಳಿಗ್ಗೆಯಿಂದ ಬರೆದ ಮಜೂರಿ ಲೆಕ್ಕವೆಲ್ಲ ಹೋಯಿತು.’

ಕರೆಂಟ್ ಹೋದರೆ ಅಲ್ಲಿಯ ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ. ಅಷ್ಟರಲ್ಲಿ ಮಾಮು ಹೈಬರ್ನೇಟ್ ಒತ್ತುತ್ತಾರೆ. ಅಂದು ಒತ್ತಿ ನಮಾಜಿಗೆ ಎದ್ದು ಹೋಗಿದ್ದರು. ಕಂಪ್ಯೂಟರ್ ಮಲಗಲೇ ಇಲ್ಲ. (ಆಗಾಗ ಸೇವ್ ಮಾಡುವ ಅಭ್ಯಾಸ ಅವರಿಗಿಲ್ಲ, ಅದು ಬೇರೆ ಮಾತು.)

ನಮ್ಮೂರಿನ ಶೇಂಗಾ ಮಂಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಕ್ಕಡಿಯ ಮುಂದಿನ ಜಾಗವೇ ರ್‍ಯಾಮ್. ಹಿಂದಿನ ಗೋದಾಮು ಸ್ವಾಪ್, ಅಂದರೆ ಹಾರ್ಡ್ ಡಿಸ್ಕಿನಲ್ಲಿ ಬಿಟ್ಟ ಜಾಗ. ಮುಂದೆ ತುಂಬಿದರೆ ಸದ್ಯಕ್ಕೆ ಬೇಡದ ಚೀಲಗಳು ಹಿಂದಕ್ಕೆ ಹೋಗುತ್ತವೆ. ಆದರೆ ಹಾರ್ಡ್ ಡಿಸ್ಕ್ ರ್‍ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ಗೋದಾಮು ದೊಡ್ಡದಾದ ಮಾತ್ರಕ್ಕೆ ವ್ಯಾಪಾರ ಚುರುಕಾಗುವುದಿಲ್ಲ.

ಹೈಬರ್ನೇಟ್ ಎಂದರೆ ಅಂಗಡಿ ಮುಚ್ಚುವಾಗ ಮುಂದಿರುವ ಸಾಮಾನನ್ನು ಗೋದಾಮಿಗೆ ಸಾಗಿಸುವುದು. ಮುಂದಿನ ಜಾಗ 8 ಜಿಬಿ ಆಗಿತ್ತು, ಗೋದಾಮು ಹಳೆಯ 4 ಜಿಬಿಯೇ. ಕಡಿಮೆ ಕೆಲಸ ತೆರೆದಿದ್ದ ದಿನ ಹಿಡಿಸುತ್ತಿತ್ತು, ಆದ್ದರಿಂದಲೇ ತಪ್ಪು ಹದಿನೈದು ದಿನ ಗೊತ್ತಾಗಲಿಲ್ಲ.

ರ್‍ಯಾಮಿನ ಎರಡರಷ್ಟು ಸ್ವಾಪ್ ಇಡಬೇಕೆಂಬುದು ರ್‍ಯಾಮ್ ಬಹಳ ಕಡಿಮೆ ಇದ್ದ ಕಾಲದ ಮಾತು. ಉಬುಂಟು ಬಳಗದ ಸಲಹೆ ಬೇರೆ: ಹೈಬರ್ನೇಟ್ ಬೇಡವಾದರೆ ರ್‍ಯಾಮಿನ ವರ್ಗಮೂಲದಷ್ಟು ಸಾಕು, 8 ಜಿಬಿಗೆ ಸುಮಾರು 3 ಜಿಬಿ. ಹೈಬರ್ನೇಟ್ ಬೇಕಾದರೆ ಅದಕ್ಕೆ ರ್‍ಯಾಮನ್ನೂ ಕೂಡಿಸಬೇಕು, 8ಕ್ಕೆ 3 ಸೇರಿ 11 ಜಿಬಿ. ಮಾಮುಗೆ 11 ಇಟ್ಟೆ.

ಪೆನ್ ಡ್ರೈವಿನಿಂದ ಕಂಪ್ಯೂಟರ್ ಆರಂಭಿಸಿ ಸ್ವಾಪ್ ವಿಭಾಗ ಹಿಗ್ಗಿಸಿದೆ. ಹೊಸದಾಗಿ ಮಾಡಿದ ಸ್ವಾಪ್‌ಗೆ ಗುರುತಿನ ಸಂಖ್ಯೆಯೂ ಹೊಸದು. ಅದನ್ನು ಎಫ್‌ಎಸ್‌ಟ್ಯಾಬ್ ಕಡತದಲ್ಲೂ ಹೈಬರ್ನೇಟ್ ಸೆಟ್ಟಿಂಗಿನಲ್ಲೂ ಬದಲಿಸಬೇಕು. ನಾನು ಎರಡನೆಯದನ್ನು ಮರೆತು ಒಂದು ಸಂಜೆ ಕಳೆದುಕೊಂಡೆ. ಕೊನೆಗೆ ಲೆಕ್ಕದ ಹಾಳೆಗಳನ್ನೆಲ್ಲ ತೆರೆದಿಟ್ಟು, ಎಲ್ಲ ಸೇವ್ ಮಾಡಿ, ಮೂರು ಸಲ ಮಲಗಿಸಿ ಎಬ್ಬಿಸಿ ನೋಡಿದೆ.

ಕಳೆದುಹೋದ ಲೆಕ್ಕವನ್ನು ಮಾಮು ನೇಕಾರರ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಆ ವಾರದ ಮಜೂರಿ ಎರಡು ದಿನ ತಡವಾಯಿತು.

ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಎಷ್ಟಿದೆ ಎಂದು ನೋಡಲು ಟರ್ಮಿನಲ್‌ನಲ್ಲಿ ‘ಫ್ರೀ’ ಎಂಬ ಆದೇಶ ಕೊಡಿ. ರ್‍ಯಾಮ್ ಸಾಲಿನ ಕೆಳಗೇ ಸ್ವಾಪ್ ಸಾಲು ಕಾಣುತ್ತದೆ.