ಕೋಳಿ ಗೂಡಿಗೆ ಹಾವು: ನಂಬಿದ್ದೆಷ್ಟು, ನಿಜವೆಷ್ಟು?

ಕುಣಿಗಲ್ ತಾಲ್ಲೂಕಿನ ಯಡಿಯೂರು ಸುತ್ತಮುತ್ತ ತೆಂಗಿನ ತೋಟದ ಮಗ್ಗುಲಲ್ಲೇ ಮನೆ, ಮನೆಯ ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿ. ಒಂದು ಕಡೆ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದ ನೀರು ಕುಡಿಯುವ ಗದ್ದೆ, ಇನ್ನೊಂದು ಕಡೆ ರಾಗಿ ಹೊಲ, ಕುರುಚಲು ಗಿಡ. ಇಲಿ, ಹಾವು, ಮುಂಗುಸಿ ಮೂರಕ್ಕೂ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಗೂಡು ತೆಗೆದಾಗ ಮರಿ ಕಡಿಮೆಯಿದ್ದರೆ ಮೊದಲು ಬೈಸಿಕೊಳ್ಳುವುದು ಹಾವು. ಆಮೇಲೆ ಶುರುವಾಗುವ ಉಪಾಯಗಳಲ್ಲಿ ಬಹಳಷ್ಟು ಕೆಲಸಕ್ಕೆ ಬಾರದವು.

ತಪ್ಪು ಕಲ್ಪನೆ: ಕೋಳಿ, ಮೊಟ್ಟೆ ಏನು ಹೋದರೂ ಹಾವಿನದೇ ಕೆಲಸ.

ಸತ್ಯ: ಹಾವು ಹರಿದು ತಿನ್ನುವುದಿಲ್ಲ, ಇಡಿಯಾಗಿ ನುಂಗುತ್ತದೆ. ಚಿಪ್ಪಿನ ಚೂರೂ ಉಳಿಯದೆ ಮೊಟ್ಟೆ ಮಾಯವಾಗಿ, ಕಾವಿಗೆ ಹಾಸಿದ ಹುಲ್ಲು ಹಾಗೇ ಇದ್ದರೆ ನಾಗರವೋ ಕೇರೆಯೋ ಬಂದಿರಬಹುದು. ಚಿಪ್ಪು ಒಡೆದು ಬಿದ್ದಿದ್ದರೆ ಮುಂಗುಸಿ, ಕಾಗೆ, ಹೆಗ್ಗಣದ ಮೇಲೆ ಅನುಮಾನಪಡಿ. ಹ್ಯಾಟೆಯ ಕತ್ತಿನಲ್ಲಿ ಹಲ್ಲಿನ ಗಾಯವಿದ್ದರೆ ಮುಂಗುಸಿ ಅಥವಾ ಕಾಡುಬೆಕ್ಕು. ಹಲವು ಕೋಳಿ ಒಟ್ಟಿಗೆ ಸತ್ತು, ತಿನ್ನದೆ ಬಿಟ್ಟಿದ್ದರೆ ಹೆಚ್ಚಾಗಿ ನಾಯಿ. ಬೆಳೆದ ಕೋಳಿಯನ್ನು ನುಂಗುವ ತಾಕತ್ತು ಹೆಬ್ಬಾವನ್ನು ಬಿಟ್ಟರೆ ನಮ್ಮ ಹಿತ್ತಲಿನ ಹಾವುಗಳಿಗಿಲ್ಲ. ನಾಗರ ಕಚ್ಚಿ ಕೋಳಿ ಸತ್ತರೂ ಹೆಣ ಅಲ್ಲೇ ಬಿದ್ದಿರುತ್ತದೆ.

ತಪ್ಪು ಕಲ್ಪನೆ: ಬೆಳ್ಳುಳ್ಳಿ, ಫಿನಾಯಿಲ್, ಸೀಮೆಎಣ್ಣೆ, ಗಂಧಕದ ವಾಸನೆಗೆ ಹಾವು ಬರುವುದಿಲ್ಲ.

ಸತ್ಯ: ಹಾವು ನಾಲಿಗೆ ಚಾಚಿ ವಾಸನೆ ಹಿಡಿಯುವುದು ನಿಜ, ಆದರೆ ಈ ವಾಸನೆಗಳಿಗೆ ಹೆದರಿ ವಾಪಸು ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಗಂಧಕ, ನುಸಿಗುಳಿಗೆ ಬೆರೆಸಿದ ಪುಡಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಹಾವುಗಳು ಅದರ ಮೇಲೇ ಹಾಯ್ದು ಹೋದವು. ದಿನವಿಡೀ ನೆಲ ಕೆದಕುವ ಕೋಳಿಗೆ ಮಾತ್ರ ಇವೆಲ್ಲ ಕೇಡು. ಹಾವು ಬಾರದಿರಲೆಂದು ಕೆಲವರು ಸುರಿಯುವ ಕಾರ್ಬಾಲಿಕ್ ಆಸಿಡ್ ಅಂತೂ ಕೋಳಿಯ ಕಾಲನ್ನೂ ಸುಡುತ್ತದೆ, ನಿಮ್ಮ ಕೈಯನ್ನೂ ಸುಡುತ್ತದೆ.

ತಪ್ಪು ಕಲ್ಪನೆ: ಸುತ್ತ ಕೋಳಿ ಜಾಲರಿ ಕಟ್ಟಿದರೆ ಸಾಕು.

ಸತ್ಯ: ಆರು ಮೂಲೆಯ ಕಣ್ಣಿನ ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಶತ್ರು ಒಳಬರದಂತೆ ತಡೆಯುವುದಿಲ್ಲ. ನಾಯಿ ಅದನ್ನು ಹರಿಯುತ್ತದೆ, ಹಾವಿನ ಮರಿ ಸಲೀಸಾಗಿ ನುಸುಳುತ್ತದೆ. ಬೇಕಿರುವುದು ಕಾಲಿಂಚು ಕಣ್ಣಿನ, ಬೆಸುಗೆ ಹಾಕಿದ ಕಬ್ಬಿಣದ ಜಾಲರಿ. ನೆಲದೊಳಗೆ ಒಂದಡಿ ಹೂತರೆ ಅಗೆಯುವ ಪ್ರಾಣಿಗೂ ತಡೆ. ಸಂಜೆ ಬಾಗಿಲು ಹಾಕಿ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ: ಬಾಗಿಲ ಕೆಳಗೆ, ಹಂಚಿನ ಅಂಚಿನಲ್ಲಿ ಬೆಳಕು ಸೋರುವ ಕಡೆಯೆಲ್ಲ ದಾರಿಯಿದೆ ಎಂದರ್ಥ. ನೈಲಾನ್ ಬಲೆ ಮಾತ್ರ ಕಟ್ಟಬೇಡಿ. ಹಾವು ಅದರಲ್ಲಿ ಸಿಕ್ಕಿ ಒದ್ದಾಡಿ ಸಾಯುತ್ತದೆ, ಬಿಡಿಸಲು ಹೋದವರಿಗೆ ಕಚ್ಚುತ್ತದೆ.

ತಪ್ಪು ಕಲ್ಪನೆ: ಗಿನಿಕೋಳಿ ಇದ್ದರೆ, ಮುಂಗುಸಿ ಓಡಾಡುತ್ತಿದ್ದರೆ ಹಾವಿನ ಭಯವಿಲ್ಲ.

ಸತ್ಯ: ಗಿನಿಕೋಳಿ ಹಾವು ಕಂಡರೆ ಊರಿಗೆ ಕೇಳುವಂತೆ ಕಿರುಚುತ್ತದೆ. ಆದರೆ ರಾತ್ರಿ ಅದೂ ಕೋಳಿಗಳಂತೆ ಮಲಗುತ್ತದೆ. ಮುಂಗುಸಿಗೆ ಹಾವಿಗಿಂತ ಕೋಳಿಮರಿ ಸುಲಭದ ಊಟ.

ತಪ್ಪು ಕಲ್ಪನೆ: ಬಂದ ಹಾವನ್ನು ಕೊಂದರೆ ಕಾಟ ತಪ್ಪಿತು.

ಸತ್ಯ: ಹೆಚ್ಚಿನ ಹಾವು ಬರುವುದು ಇಲಿಗಾಗಿ, ಇಲಿ ಬರುವುದು ನೀವು ಚೆಲ್ಲಿದ ರಾಗಿ, ನುಚ್ಚಿಗಾಗಿ. ಕೊಂದ ಹಾವಿನ ಜಾಗಕ್ಕೆ ಇನ್ನೊಂದು ಬರುತ್ತದೆ. ಬರುವುದು ಸೇಡಿಗಲ್ಲ, ಊಟಕ್ಕೆ. ಕೇರೆಹಾವಿಗೆ ವಿಷವೇ ಇಲ್ಲ, ಬಾಲದಲ್ಲಿ ಹೊಡೆದರೆ ಕೈಕಾಲು ಬೀಳುತ್ತದೆ ಎನ್ನುವುದು ಬರೀ ಕಟ್ಟುಕತೆ. ಹೊಲದ ಇಲಿ ತಿನ್ನುವ ಅದು ರೈತನ ಕಡೆಯ ಪ್ರಾಣಿ. ನಾಗರ, ಕೇರೆ, ಕೊಳಕುಮಂಡಲ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಗೂಡಿನಲ್ಲಿ ಹಾವು ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ.

ತಪ್ಪು ಕಲ್ಪನೆ: ಕೋಳಿ ಗೂಡಿಗೂ ಚಿರತೆಗೂ ಸಂಬಂಧವಿಲ್ಲ.

ಸತ್ಯ: ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳಲ್ಲಿ 2019ರ ಕೊನೆ ಮತ್ತು 2020ರ ಆರಂಭದಲ್ಲಿ ಚಿರತೆ ದಾಳಿಗೆ ಮಕ್ಕಳೂ ಬಲಿಯಾದರು. ನಾಯಿ, ಕೋಳಿ, ಕುರಿಯ ಆಸೆಗೆ ಚಿರತೆ ಮನೆ ಬಾಗಿಲಿಗೆ ಬರುತ್ತದೆ. ಸತ್ತ ಕೋಳಿಯನ್ನು ಪೊದೆಗೆ ಎಸೆಯದೆ ಆಳವಾಗಿ ಹೂಳಿ. ಕತ್ತಲಾದ ಮೇಲೆ ಗೂಡಿನಲ್ಲಿ ಗಲಾಟೆ ಕೇಳಿದರೆ ಮಕ್ಕಳನ್ನು ಕಳಿಸಬೇಡಿ. ಚಿರತೆಗೆ ಹೆದರಿ ಬೇಲಿಗೆ ಲೈನಿನಿಂದ ನೇರವಾಗಿ ಕರೆಂಟು ಕೊಡುವುದು ಕಾನೂನು ಪ್ರಕಾರ ಅಪರಾಧ, ಅದಕ್ಕೆ ಮೊದಲು ಬಲಿಯಾಗುವವರು ಮನೆಯವರೇ ಆಗಬಹುದು.

ತಪ್ಪು ಕಲ್ಪನೆ: ಹಾವು ಕಚ್ಚಿದರೆ ಕಟ್ಟು ಬಿಗಿದು, ಕೊಯ್ದು ರಕ್ತ ಹರಿಸಬೇಕು.

ಸತ್ಯ: ಎರಡೂ ಅಪಾಯ. ಕಚ್ಚಿದ ಕೈಕಾಲು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಿ. ವಿಷಕ್ಕೆ ಮದ್ದು ವಿಷನಿರೋಧಕ ಚುಚ್ಚುಮದ್ದೊಂದೇ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ.

ಖರ್ಚಿನ ಉಪಾಯಕ್ಕಿಂತ ಮೊದಲು ಖರ್ಚಿಲ್ಲದ್ದು ಮಾಡಿ. ಸಂಜೆ ಮೇವು ಎತ್ತಿಡಿ, ಮೊಟ್ಟೆ ಅಂದಂದೇ ತೆಗೆಯಿರಿ, ತೆಂಗಿನ ಗರಿ ಮತ್ತು ಸೌದೆ ರಾಶಿಯನ್ನು ಗೂಡಿನಿಂದ ದೂರ ಸರಿಸಿ, ಬಿಲ ಮುಚ್ಚಿ. ಇಲಿಗೆ ಊಟವಿಲ್ಲದ, ಹಾವಿಗೆ ಸಂದಿಯಿಲ್ಲದ ಗೂಡೇ ಭದ್ರವಾದ ಗೂಡು.