ಎರಡು ಕಡ್ಡಿ, ಒಂದೇ ಎಳೆ

ಚಳ್ಳಕೆರೆ ಕಡೆಯ ಕಂಬಳಿ ನೇಯ್ದದ್ದು. ಬಾಣಂತಿ ಮನೆಯಲ್ಲಿ ಕೂಸಿನ ತಲೆಗೆ ಹಾಕುವ ಉಲ್ಲನ್ ಕುಲಾವಿ ಹೆಣೆದದ್ದು. ಎರಡೂ ಉಣ್ಣೆಯದೇ ಆಗಿರಬಹುದು, ಬಟ್ಟೆಯ ಗುಣ ಮಾತ್ರ ಬೇರೆ. ನೇಯ್ಗೆಯಲ್ಲಿ ಹಾಸು ಒಂದು ದಿಕ್ಕು, ಹೊಕ್ಕು ಇನ್ನೊಂದು ದಿಕ್ಕು. ನೂರಾರು ಎಳೆಗಳು ಒಂದನ್ನೊಂದು ಹಾಯುತ್ತವೆ. ಹೆಣಿಗೆಯಲ್ಲಿ ಒಂದೇ ಎಳೆ ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯಾಗಿ ಸಾಲುಸಾಲಾಗಿ ಬೆಳೆಯುತ್ತದೆ. ಕುಣಿಕೆಗೆ ಹಿಗ್ಗುವ ಗುಣ ಇರುವುದರಿಂದಲೇ ಕಾಲುಚೀಲ ಹಿಮ್ಮಡಿ ದಾಟಿ ಮೇಲೆ ಹೋಗಿ ಮತ್ತೆ ಕಣಕಾಲನ್ನು ಅಪ್ಪಿಕೊಳ್ಳುತ್ತದೆ. ಸರಿಬರಲಿಲ್ಲವೆಂದರೆ ಎಳೆಯ ತುದಿ ಹಿಡಿದು ಜಗ್ಗಿದರೆ ಸಾಕು, ಬಟ್ಟೆಯೆಲ್ಲ ಮತ್ತೆ ನೂಲಾಗುತ್ತದೆ. ಹೊಸಬರಿಗೆ ಇಷ್ಟು ಧೈರ್ಯ ಕೊಡುವ ಕೈಕೆಲಸ ಇನ್ನೊಂದಿರಲಾರದು.

ಹೆಣಿಗೆ ಚಳಿ ಊರಿನವರ ಕೆಲಸ, ನಮ್ಮ ಸೆಕೆಗೆ ಹೊಂದದು ಎನ್ನುವವರು ಬಹಳ. ಆದರೆ ಕಡ್ಡಿ ಹೆಣಿಗೆಯ ಅತಿ ಹಳೆಯ ಕುರುಹುಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ, ಅವು ಮಧ್ಯಯುಗದ ನೀಲಿ-ಬಿಳಿ ಹತ್ತಿ ನೂಲಿನ ಕಾಲುಚೀಲಗಳು. ಯುರೋಪಿನಲ್ಲಿ ಅದು ಉಣ್ಣೆಯ ಕೆಲಸವಾಗಿ ಬೆಳೆಯಿತು. 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ನಮ್ಮಲ್ಲಿಗೆ ಈ ವಿದ್ಯೆಯನ್ನು ಹೆಚ್ಚಾಗಿ ತಂದದ್ದು ಹತ್ತೊಂಬತ್ತನೆಯ ಶತಮಾನದ ಮಿಷನರಿ ಹೆಣ್ಣುಮಕ್ಕಳ ಶಾಲೆಗಳು. 1962ರ ಚೀನಾ ಯುದ್ಧದ ಸಮಯದಲ್ಲಿ ದೇಶದ ಎಷ್ಟೋ ಮನೆಗಳ ಹೆಂಗಸರು ಗಡಿಯ ಜವಾನರಿಗೆಂದು ಸ್ವೆಟರ್ ಹೆಣೆದರು. ಈಗ ಚಳಿಗಾಲದಲ್ಲಿ ನಮ್ಮ ಊರುಗಳ ರಸ್ತೆಬದಿಯ ಟಿಬೆಟನ್ ಅಂಗಡಿಗಳಲ್ಲಿ ಲೂಧಿಯಾನದ ಯಂತ್ರದ ಸ್ವೆಟರುಗಳು ಸಿಗುತ್ತವೆ, ಬೆಲೆಯೂ ಕಡಿಮೆ. ಹಾಗಾಗಿ ಅಗ್ಗವಾಗುತ್ತದೆಂದು ಯಾರೂ ಹೆಣೆಯಲು ಕೂರಬೇಕಿಲ್ಲ. ನಮ್ಮವರ ಮೈಗೆ, ನಮ್ಮ ಊರಿನ ಹವೆಗೆ, ನಮಗೆ ಬೇಕಾದ ನೂಲಿನಲ್ಲಿ ಮಾಡಿಕೊಳ್ಳಬಹುದು ಎಂಬುದೇ ಕೈಹೆಣಿಗೆಯ ಲಾಭ. ಆ ಲಾಭ ಸಿಗಬೇಕಾದರೆ ನೂಲಿನ ಗುಣ ಗೊತ್ತಿರಬೇಕು, ಅಳತೆಯ ಲೆಕ್ಕ ಕೈಯಲ್ಲಿರಬೇಕು.

ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಸಂದೇಹ ಬಂದರೆ ಒಂದು ತುಂಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಒಗೆಯಲು ಸುಲಭ, ನುಸಿ ಹಿಡಿಯದು, ಮಕ್ಕಳ ಸ್ವೆಟರಿಗೆ ಸರಿ. ಆದರೆ ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಬಟ್ಟೆಗೆ ಅದು ಖಂಡಿತ ಬೇಡ, ಕರಗಿ ಕೈಗೆ ಅಂಟೀತು. ಅದಕ್ಕೆ ದಪ್ಪ ಹತ್ತಿ ನೂಲೇ ಆಗಬೇಕು. ಯಾವ ನೂಲಾದರೂ ಲೇಬಲ್ಲಿನ ಮೇಲಿನ ಬಣ್ಣದ ಲಾಟ್ ಸಂಖ್ಯೆ ನೋಡಿ, ಬೇಕಾದಷ್ಟು ಉಂಡೆಗಳನ್ನು ಒಂದೇ ಸಲ ಕೊಳ್ಳಿ. ಮುಂದಿನ ತಿಂಗಳು ಅದೇ ಕೆಂಪು ಎಂದು ತಂದದ್ದು ತೋಳಿನಲ್ಲಿ ಬೇರೆಯಾಗಿ ಕಾಣುತ್ತದೆ.

ಕಡ್ಡಿಯ ನಂಬರಿನಲ್ಲಿ ದೊಡ್ಡ ಗೊಂದಲವಿದೆ. ನಮ್ಮ ಹಳೆಯ ಅಂಗಡಿಗಳದು ಬ್ರಿಟಿಷ್ ಲೆಕ್ಕ. ಅಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಬ್ರಿಟಿಷ್ 8ನೇ ನಂಬರ್ ಎಂದರೆ 4 ಮಿ.ಮೀ., ಅಮೆರಿಕದ 8 ಎಂದರೆ 5 ಮಿ.ಮೀ. ಬ್ರಿಟಿಷ್ 10 ಎಂದರೆ 3.25 ಮಿ.ಮೀ., ಅಮೆರಿಕದ 10 ಎಂದರೆ 6 ಮಿ.ಮೀ. ಅಮ್ಮನ ಕಾಲದ ಕಡ್ಡಿ ಹಿಡಿದು ಅಮೆರಿಕದ ವಿನ್ಯಾಸ ನೋಡುತ್ತ ಹೆಣೆದರೆ ದೊಡ್ಡವರ ಟೊಪ್ಪಿ ಮಗುವಿನದಾಗುತ್ತದೆ. ನಂಬರನ್ನು ಬಿಟ್ಟು ಮಿಲಿಮೀಟರ್ ನೆಚ್ಚಿಕೊಳ್ಳಿ.

ಇನ್ನು ಅಳತೆ ತುಣುಕು. ಬೇಸರದ ಕೆಲಸವೆಂದು ಎಲ್ಲರೂ ತಪ್ಪಿಸಿಕೊಳ್ಳಲು ನೋಡುವುದು ಇದನ್ನೇ, ಸ್ವೆಟರ್ ಕೆಡುವುದೂ ಹೆಚ್ಚಾಗಿ ಹಾಗೆ ತಪ್ಪಿಸಿಕೊಂಡದ್ದರಿಂದಲೇ. ಬಳಸಲಿರುವ ನೂಲು, ಬಳಸಲಿರುವ ಕಡ್ಡಿಯಲ್ಲಿ ಅಂಗೈಗಿಂತ ತುಸು ದೊಡ್ಡ ಚೌಕ ಹೆಣೆಯಿರಿ. ಒಗೆದು, ಚಪ್ಪಟೆಯಾಗಿ ಹರಡಿ ಒಣಗಿಸಿ, ನಡುಭಾಗದಲ್ಲಿ 10 ಸೆಂ.ಮೀ. ಅಗಲಕ್ಕೆ ಎಷ್ಟು ಕುಣಿಕೆ ಎಂದು ಎಣಿಸಿ. ವಿನ್ಯಾಸದವರು 22 ಎಂದಿದ್ದಾರೆ, ನಿಮಗೆ 20 ಬಂತು ಎಂದುಕೊಳ್ಳಿ. ಎರಡೇ ಕುಣಿಕೆಯ ವ್ಯತ್ಯಾಸ. ಆದರೆ 100 ಸೆಂ.ಮೀ. ಸುತ್ತಳತೆಗೆ ಅವರು ಹೇಳಿದ 220 ಕುಣಿಕೆ ನಿಮ್ಮ ಕೈಯಲ್ಲಿ 110 ಸೆಂ.ಮೀ. ಆಗುತ್ತದೆ, ಸ್ವೆಟರ್ ಹೆಗಲಿಂದ ಜಾರುತ್ತದೆ. ಒಂದು ಸುತ್ತು ಸಣ್ಣ ಕಡ್ಡಿ ತೆಗೆದುಕೊಂಡು ಇನ್ನೊಂದು ತುಣುಕು ಹಾಕಿ ನೋಡಿ, ಇಲ್ಲವೇ ನಿಮ್ಮ ಎಣಿಕೆಯಂತೆ 200 ಕುಣಿಕೆಯಿಂದಲೇ ಶುರುಮಾಡಿ. ಹತ್ತಿ ನೂಲಿನ ತುಣುಕಾದರೆ ಕ್ಲಿಪ್ ಹಾಕಿ ಒಂದು ದಿನ ತೂಗುಬಿಡಿ. ಹತ್ತಿಗೆ ಉಣ್ಣೆಯ ಪುಟಿತ ಇಲ್ಲ, ತನ್ನ ಭಾರಕ್ಕೇ ಉದ್ದವಾಗುತ್ತದೆ.

ಈ ಲೆಕ್ಕ ಕೈಗೆ ಬಂದರೆ ಅಚ್ಚಾದ ವಿನ್ಯಾಸದ ಹಂಗೂ ತಪ್ಪುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಹೆಣಿಗೆಗಾರರಿಗೆ ಕೊಟ್ಟುಹೋದ ಸ್ವಾತಂತ್ರ್ಯ ಇದು. ಎದೆಯ ಸುತ್ತಿನ ಕುಣಿಕೆಗಳನ್ನು ನೂರು ಪಾಲು ಎಂದು ಅವರು ಹಿಡಿದರು. ಮಣಿಕಟ್ಟಿಗೆ ಅದರ 20 ಪಾಲು, ತೋಳಿನ ಮೇಲ್ಭಾಗಕ್ಕೆ 33, ಕೊರಳಿಗೆ 40. ಎದೆಗೆ 200 ಕುಣಿಕೆಯಾದರೆ ಮಣಿಕಟ್ಟು 40, ತೋಳು 66, ಕೊರಳು 80. ಮಗುವಿಗೂ ಇದೇ ಲೆಕ್ಕ, ಅಜ್ಜನಿಗೂ ಇದೇ. ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಆದ್ದರಿಂದ ಕೊರಳನ್ನು ತುಸು ಸಡಿಲ ಬಿಡಬೇಕು, ಅಷ್ಟೆ. ಮುಗಿಸುವ ಸಾಲನ್ನು ಒಂದು ಸುತ್ತು ದಪ್ಪ ಕಡ್ಡಿಯಲ್ಲಿ ಮುಚ್ಚಿದರೆ ತಲೆ ಸಲೀಸಾಗಿ ತೂರುತ್ತದೆ.

ಮೊದಲಿಗೆ ಏನು ಹೆಣೆಯಬೇಕು? ಎಲ್ಲರೂ ಮಫ್ಲರ್ ಎನ್ನುತ್ತಾರೆ, ನಾನು ಬೇಡ ಎನ್ನುತ್ತೇನೆ. ಉದ್ದಕ್ಕೂ ಒಂದೇ ಕೆಲಸ, ಅರ್ಧದಲ್ಲಿ ಬೇಜಾರಾಗಿ ಬುಟ್ಟಿ ಸೇರುತ್ತದೆ. ಒಂದು ಸಾಲು ನಿಟ್ (ಸೀದಾ ಕುಣಿಕೆ), ಒಂದು ಸಾಲು ಪರ್ಲ್ (ಉಲ್ಟಾ ಕುಣಿಕೆ) ಎಂದು ನಯವಾಗಿ ಹೆಣೆದರಂತೂ ಅಂಚುಗಳು ಸುರುಳಿ ಸುತ್ತಿಕೊಳ್ಳುತ್ತವೆ. ಅದರ ಬದಲು ಹತ್ತಿ ನೂಲಿನಲ್ಲಿ ಅಡುಗೆಮನೆಗೊಂದು ಚೌಕ ಬಟ್ಟೆ ಮಾಡಿ. ನಾಲ್ಕು ಕುಣಿಕೆ ಹಾಕಿ ಒಂದು ಸಾಲು ನಿಟ್ ಹೆಣೆಯಿರಿ. ಮುಂದಿನ ಪ್ರತಿ ಸಾಲಿನಲ್ಲೂ ಎರಡು ಹೆಣೆದು, ಎಳೆಯನ್ನು ಕಡ್ಡಿಯ ಮೇಲೊಮ್ಮೆ ಹಾಯಿಸಿ, ಉಳಿದದ್ದನ್ನು ಹೆಣೆಯಿರಿ. ಸಾಲಿಗೊಂದು ಕುಣಿಕೆ ಹೆಚ್ಚುತ್ತದೆ. 44 ಆದಮೇಲೆ ಇಳಿಸಬೇಕು: ಒಂದು ಹೆಣೆದು, ಎರಡನ್ನು ಒಟ್ಟಿಗೆ ಹೆಣೆದು, ಎಳೆ ಹಾಯಿಸಿ, ಮತ್ತೆ ಎರಡನ್ನು ಒಟ್ಟಿಗೆ ಹೆಣೆದು, ಸಾಲು ಮುಗಿಸಿ. ನಾಲ್ಕು ಉಳಿದಾಗ ಮುಚ್ಚಿಬಿಡಿ. ಏರಿಸುವುದು, ಇಳಿಸುವುದು ಎರಡೂ ಇದರಲ್ಲಿ ಬಂದುಹೋಗುತ್ತವೆ, ಬಟ್ಟೆ ತುಸು ಹೆಚ್ಚುಕಡಿಮೆಯಾದರೂ ನಷ್ಟವಿಲ್ಲ.

ಎರಡನೆಯದು ಕುಲಾವಿ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ.; ಕುಲಾವಿ ಅದಕ್ಕಿಂತ ಕೊಂಚ ಚಿಕ್ಕದಿದ್ದರೆ ಹಿಡಿದು ನಿಲ್ಲುತ್ತದೆ. 10 ಸೆಂ.ಮೀ.ಗೆ 22 ಕುಣಿಕೆ ಬರುವ ಮೆತ್ತನೆಯ ನೂಲಿನಲ್ಲಿ 72 ಕುಣಿಕೆ ಹಾಕಿ. ಎರಡು ಕಡ್ಡಿಯಲ್ಲಿ ಹೆಣೆದು ಹಿಂಬದಿ ಹೊಲಿಯುವುದಾದರೆ ಎರಡು ಹೆಚ್ಚು ಹಾಕಿ. ಎರಡು ನಿಟ್, ಎರಡು ಪರ್ಲ್‌ನ ಪಟ್ಟಿ ಮೂರು ಸೆಂ.ಮೀ., ಆಮೇಲೆ ನಯವಾದ ಹೆಣಿಗೆ. ಒಟ್ಟು 10 ಸೆಂ.ಮೀ. ಆದಾಗ ಒಂಬತ್ತೊಂಬತ್ತು ಕುಣಿಕೆಯ ಎಂಟು ಪಾಲು ಮಾಡಿಕೊಂಡು, ಸಾಲು ಬಿಟ್ಟು ಸಾಲಿಗೆ ಪ್ರತಿ ಪಾಲಿನಲ್ಲೂ ಒಂದೊಂದು ಇಳಿಸುತ್ತ ನೆತ್ತಿ ಮುಚ್ಚಿ. ಕಟ್ಟುವ ದಾರ, ಗುಂಡಿ, ಕುಚ್ಚು ಯಾವುದೂ ಬೇಡ. ಕೂಸಿನ ಕೊರಳಿಗೂ ಬಾಯಿಗೂ ಅವು ಅಪಾಯ. ತೂಕ ಕಡಿಮೆಯಿರುವ ಕೂಸುಗಳನ್ನು ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯಲ್ಲಿ ತಲೆಗೆ ಟೊಪ್ಪಿ ಇರಲೇಬೇಕು. ಹತ್ತಿರದ ಆಸ್ಪತ್ರೆಯಲ್ಲಿ ಯಾವ ನೂಲು, ಯಾವ ಅಳತೆ ಎಂದು ಕೇಳಿಕೊಂಡು ಹೆಣೆದುಕೊಟ್ಟರೆ ಉಪಕಾರವಾದೀತು.

ಕೈ ಪಳಗಿದವರಿಗೆ ಇದಕ್ಕಿಂತ ದೊಡ್ಡ ಕೆಲಸವೂ ಇದೆ. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡ ಮಹಿಳೆಯರಿಗೆ ಹತ್ತಿ ನೂಲಿನಲ್ಲಿ ಹಗುರವಾದ ಕೃತಕ ಸ್ತನಗಳನ್ನು ಹೆಣೆದು, ನಿಟೆಡ್ ನಾಕರ್ಸ್ ಹೆಸರಿನಲ್ಲಿ ಸ್ವಯಂಸೇವಕರು ಉಚಿತವಾಗಿ ಕೊಡುತ್ತಾರೆ. ಭಾರತದಲ್ಲೂ ಈ ಕೆಲಸ ನಡೆಯುತ್ತಿದೆ. ಬೆವರುವ ನಮ್ಮ ಹವೆಯಲ್ಲಿ ಮೈಗೆ ತಾಗುವ ಇಂಥ ವಸ್ತುವಿಗೆ ಹತ್ತಿಗಿಂತ ಹಿತವಾದ ನೂಲಿಲ್ಲ.

ತಪ್ಪಿಗೆ ಹೆದರಬೇಡಿ. ಜಾರಿದ ಕುಣಿಕೆಯನ್ನು ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಮೇಲೆ ತರಬಹುದು. ಕಷ್ಟದ ವಿನ್ಯಾಸವಿದ್ದಾಗ ಹತ್ತಿಪ್ಪತ್ತು ಸಾಲಿಗೊಮ್ಮೆ ಬೇರೆ ಬಣ್ಣದ ತೆಳು ದಾರವನ್ನು ಎಲ್ಲ ಕುಣಿಕೆಗಳೊಳಗೆ ಪೋಣಿಸಿಡಿ; ಬಿಚ್ಚಬೇಕಾಗಿ ಬಂದರೆ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಸ್ವೆಟರನ್ನು ಬಿಚ್ಚಿ ಮರುಬಳಸುವವರು ಮೊದಲು ಬದಿಯ ಹೊಲಿಗೆ ನೋಡಬೇಕು. ಬಟ್ಟೆ ಕತ್ತರಿಸಿ ಓವರ್‌ಲಾಕ್ ಹಾಕಿದ್ದರೆ ಸಾಲಿಗೊಂದು ತುಂಡು ಎಳೆ ಬರುತ್ತದೆ, ಪ್ರಯೋಜನವಿಲ್ಲ. ಕೈಯಲ್ಲಿ ಹೆಣೆದದ್ದಾದರೆ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಒಗೆದು ತೂಗುಹಾಕಿದರೆ ಎಳೆಯ ಸುಕ್ಕು ಬಿಡುತ್ತದೆ.

ನಮ್ಮ ಮನೆಗಳ ಹೆಣಿಗೆ ಬಹುಪಾಲು ಬರವಣಿಗೆಗೆ ಬಂದಿಲ್ಲ. ಅತ್ತೆಯೋ ದೊಡ್ಡಮ್ಮನೋ ಹಾಕುವ ಎಲೆ ಬಳ್ಳಿ, ಜೇನುಗೂಡಿನ ವಿನ್ಯಾಸ ಅವರ ಬೆರಳಿಗಷ್ಟೇ ಗೊತ್ತು. ಅಂಥವರು ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಒಂದು ತುಣುಕು ಹೆಣೆಸಿಕೊಳ್ಳಿ. ಎಷ್ಟು ಕುಣಿಕೆ, ಯಾವ ಕಡ್ಡಿ, ಯಾವ ಸಾಲಿನಲ್ಲಿ ಏನು ಎಂದು ಅವರು ಹೇಳಿದಂತೆ ನೋಟ್‌ಬುಕ್ಕಿನಲ್ಲಿ ಬರೆದು, ಆ ತುಣುಕನ್ನು ಅದೇ ಪುಟಕ್ಕೆ ಹೊಲಿದಿಡಿ.